ಮಾಸ್ತಮ್ಮನ ಹೂಜಿಯ ಬಾಯಿ

ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಇಳಿದು, ಗಾಜಿನ ಮಾಸ್ತಮ್ಮನ ಶೆಡ್ ಎಲ್ಲಿ ಎಂದು ಕೇಳಿ ನೋಡಿ. ಯಾರೂ ನೆಟ್ಟಗೆ ದಾರಿ ಹೇಳುವುದಿಲ್ಲ. ಮೊದಲು ಒಂದು ನಗೆ ನಗುತ್ತಾರೆ, ಆಮೇಲೆ "ಶರಾಬಿನ ಹೂಜಿ ಮಾಡ್ತಾಳಲ್ಲ, ಅವಳಾ?" ಎನ್ನುತ್ತಾರೆ, ಅದೂ ಆದ ಮೇಲೆ ಹಳೇ ಅಕ್ಕಿ ಗಿರಣಿಯ ಕಡೆ ಕೈ ತೋರಿಸುತ್ತಾರೆ. ಊರ ಬಾಯಿಗೆ ಬೀಗ ಹಾಕುವವರು ಯಾರು? ಮಾಸ್ತಮ್ಮ ಆ ಗೋಜಿಗೇ ಹೋದವಳಲ್ಲ.

ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ಮೇಜು, ಮೇಜಿನ ಮೇಲೆ ದೀಪ. ದೀಪ ಅಂದರೆ ದೇವರ ಮುಂದೆ ಹಚ್ಚುವುದಲ್ಲ. ಸಿಲಿಂಡರಿನ ಗ್ಯಾಸೂ ಆಕ್ಸಿಜನ್ನೂ ಸೇರಿ ಭುಸುಗುಟ್ಟಿಕೊಂಡು ಉರಿಯುವ ಬೆಂಕಿಯ ಮೂತಿ. ಅದರ ಎದುರು ಸೆರಗು ಬಿಗಿದು, ನೇರಳೆ ಬಣ್ಣದ ಕನ್ನಡಕ ಹಾಕಿಕೊಂಡು, ದಪ್ಪ ಗಾಜಿನ ಕೊಳವೆಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಕೂತಿರುವ, ಐವತ್ತರ ಹತ್ತಿರದ ಹೆಂಗಸೇ ಮಾಸ್ತಮ್ಮ. ವೈನ್ ಕುಡಿಯುವವರ ಮೇಜಿನ ಮೇಲೆ ಇಡುವ ಡಿಕ್ಯಾಂಟರ್ ಎಂಬ ಹೂಜಿಯನ್ನು ಅವಳು ಉಸಿರು ಊದಿ ಮಾಡುತ್ತಾಳೆ. ವೈನಿನ ಒಂದು ಹನಿಯನ್ನೂ ಇದುವರೆಗೆ ನಾಲಿಗೆಗೆ ಸೋಕಿಸಿದವಳಲ್ಲ.

ಪಾಪ, ಊರಿನವರ ಗೇಲಿಗೆ ನಿಜವಾಗಿ ಸಿಕ್ಕಿಬಿದ್ದವನು ಅವಳ ಗಂಡ ಸಣ್ಣಪ್ಪ. ಗೂಡ್ಸ್ ಆಟೋ ಓಡಿಸುವ ಸಣ್ಣಪ್ಪ ಚಹಾ ಬಿಟ್ಟರೆ ಮಜ್ಜಿಗೆ, ಮಜ್ಜಿಗೆ ಬಿಟ್ಟರೆ ಚಹಾ ಎನ್ನುವ ಮನುಷ್ಯ. ಆದರೂ ಆಟೋ ಗುಂಡಿಗೆ ಬಿದ್ದು ಸ್ವಲ್ಪ ವಾಲಿದರೆ ಸಾಕು, "ಇವತ್ತು ಎಷ್ಟು ಹೂಜಿ ಖಾಲಿ ಆತು ಮಾರಾಯ?" ಎಂದು ಯಾರೋ ಕೂಗುತ್ತಿದ್ದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಪಾಡು ಅಂದರೆ ಇದೇ.

ಮಾಸ್ತಮ್ಮ ಹುಟ್ಟಿದ್ದು ಜಡೆಯಲ್ಲಿ. ಮದುವೆಯಾಗಿ ಆನವಟ್ಟಿಗೆ ಬಂದ ಮೇಲೆ ಬೆಳಗಿನ ಬಸ್ಸು ಹಿಡಿದು ಶಿಕಾರಿಪುರಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಪಂಚಾಕ್ಷರಪ್ಪನವರು ಒಂದು ಸಣ್ಣ ಕಾರ್ಖಾನೆ ಇಟ್ಟಿದ್ದರು. ಕಾಲೇಜುಗಳ ಪ್ರಯೋಗಾಲಯಕ್ಕೆ ಬೇಕಾದ ಗಾಜಿನ ನಳಿಗೆ, ಕುಪ್ಪಿ ಎಲ್ಲ ಅಲ್ಲಿ ತಯಾರಾಗುತ್ತಿದ್ದವು. ಮಾಸ್ತಮ್ಮ ಸೇರಿದ್ದು ಗಾಜನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ. ಕೈಯಲ್ಲಿ ಹುಲ್ಲು, ಕಣ್ಣೆಲ್ಲ ಬೆಂಕಿಯ ಕಡೆ. ಒಂದು ದಿನ ಪಂಚಾಕ್ಷರಪ್ಪನವರೇ ಕರೆದು ಮೇಜಿನ ಮುಂದೆ ಕೂರಿಸಿದರು. ಮೆತ್ತಗಾದ ಗಾಜನ್ನು ತಿರುಗಿಸುವುದು ನಿಲ್ಲಿಸಿದರೆ ಅದು ಜೋತು ಬೀಳುತ್ತದೆ. ಮಾಸ್ತಮ್ಮನ ಕೈ ಮಾತಾಡುವಾಗಲೂ ನಿಲ್ಲಲಿಲ್ಲ, ಕೆಮ್ಮುವಾಗಲೂ ನಿಲ್ಲಲಿಲ್ಲ. ಅಷ್ಟು ನೋಡಿ ಅವರು ಪಾಠ ಶುರು ಮಾಡಿದರು.

ಮೊದಲನೆಯ ಪಾಠವನ್ನು ಅವಳು ಕುಂಕುಮದ ಹಾಗೆ ಹಣೆಗೆ ಹಚ್ಚಿಕೊಂಡಳು.

"ನೋಡವ್ವಾ, ಗಾಜು ಕೊಯ್ದ ಮ್ಯಾಲೆ ಅಂಚು ಹಂಗೇ ಬಿಡಬ್ಯಾಡ. ಬೆಂಕಿಗೆ ಹಿಡಿದು ಕರಗಿಸಿ ಗುಂಡಗೆ ಮಾಡು. ಎಲ್ಲೋ ಒಂದು ಕಾಲೇಜಿನಾಗ ಯಾರದೋ ಮನಿ ಮಗು ಅದನ್ನ ಹಿಡೀತೈತಿ. ಅದರ ಕೈ ಕೊಯ್ದ್ರೆ ಆ ಪಾಪ ನಮ್ಮ ತಲಿಮ್ಯಾಲೆ."

ಮುಂದೆ ಪ್ಲಾಸ್ಟಿಕ್ ಬಂತು, ಕಾರ್ಖಾನೆ ಮುಚ್ಚಿತು. ಬಾಗಿಲು ಹಾಕುವ ದಿನ ಪಂಚಾಕ್ಷರಪ್ಪನವರು ದೀಪವನ್ನು ಗೋಣಿಯಲ್ಲಿ ಸುತ್ತಿ ಅವಳ ಕೈಗಿಟ್ಟರು. "ನಮ್ಮನ್ಯಾಗ ಇದು ಯಾರಿಗೂ ಬ್ಯಾಡ. ನಿನಗ ಬೇಕು, ನನಗ ಗೊತ್ತೈತಿ" ಎಂದರು. ಬಸ್ಸಿನಲ್ಲಿ ಆ ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಊರಿನತನಕ ಅತ್ತಳು. ಮರುದಿನ ಗಿರಣಿಯವರ ಹತ್ತಿರ ಶೆಡ್ ಕೇಳಿದಳು.

ಹೂಜಿಯ ಕೆಲಸ ತಂದವಳು ಇದೇ ತಾಲ್ಲೂಕಿನ ಉಳವಿಯ ಶ್ರೀರಂಜಿನಿ. ಮೂವತ್ತರ ಒಳಗಿನ ಹುಡುಗಿ. ವಿನ್ಯಾಸದ ಓದು ಓದಿ, ಮನೆಯಲ್ಲೇ ಕೂತು ಹೋಟೆಲುಗಳಿಗೆ ಬೇಕಾದ ಪಾತ್ರೆ ಪಡಗದ ಚಿತ್ರ ಬರೆದು, ಮಾಡಿಸಿಕೊಡುವವಳು. ಮಾಸ್ತಮ್ಮ ಮಾಡಿದ ಅತ್ತರಿನ ಕುಪ್ಪಿಯೊಂದನ್ನು ಎಲ್ಲೋ ನೋಡಿ ಸ್ಕೂಟರಿನಲ್ಲಿ ಬಂದಿದ್ದಳು. ಎಲ್ಲೋ ದೂರದಲ್ಲಿ ದ್ರಾಕ್ಷಿ ತೋಟದ ನಡುವಿನ ಒಂದು ಅತಿಥಿಗೃಹದವರಿಗೆ, ಬೇರೆ ಎಲ್ಲೂ ಸಿಗದಂಥ ಹೂಜಿ ಬೇಕಿತ್ತು.

"ಬಾಟ್ಲಿಯಲ್ಲೇ ಇದೆಯಲ್ಲ, ಮತ್ತೆ ಹೂಜಿ ಎಂತಕ್ಕೆ?" ಎಂದು ಮಾಸ್ತಮ್ಮ ಕೇಳಿದಳು.

"ವೈನು ವರ್ಷಗಟ್ಲೆ ಬಿರಡೆ ಹಾಕ್ಕಂಡು ಇರ್ತದೆ ಮಾಸ್ತಮ್ಮ. ಅದಕ್ಕೆ ಗಾಳಿ ಬೇಕು. ಅಗಲ ಹೊಟ್ಟೆ ಇರೋ ಪಾತ್ರೆಗೆ ಹಾಕಿದ್ರೆ ಮೈ ಹರಡ್ಕಂಡು ಉಸಿರಾಡ್ತದೆ. ಅಡಿಯಲ್ಲಿರೋ ಗಸಿ ಬಾಟ್ಲಿಯಲ್ಲೇ ಉಳೀತದೆ."

"ಅಂದ್ರೆ ಬೀಗ ಹಾಕಿಟ್ಟ ಮನೆ ಬಾಗ್ಲು ತೆಗೆದ ಹಂಗೆ."

"ಹಂಗೇ."

ಶ್ರೀರಂಜಿನಿ ತಂದಿದ್ದ ಚಿತ್ರಗಳಲ್ಲಿ ಹಂಸದ ಕತ್ತಿನವು, ಬಾತುಕೋಳಿಯಂಥವು, ಹಾವು ಸುತ್ತಿಕೊಂಡಂಥವು ಏನೇನೋ ಇದ್ದವು. ಮಾಸ್ತಮ್ಮ ಎಲ್ಲವನ್ನೂ ನೋಡಿ ಮೂಗು ಮುರಿದಳು. ಮುಂದಿನ ವಾರ ಜಡೆಯ ತವರು ಮನೆಯ ಅಟ್ಟದಿಂದ ಒಂದು ಸೋರೆಬುರುಡೆ ತಂದಿಟ್ಟಳು. ಅವಳ ಅಜ್ಜ ಬಗನಿ ಮರ ಹತ್ತಿ ಕಳ್ಳು ಇಳಿಸುತ್ತಿದ್ದ ಬುರುಡೆ ಅದು. ಹೊಗೆ ಹಿಡಿದು ಕಪ್ಪಾಗಿತ್ತು. ಅಗಲವಾದ ಹೊಟ್ಟೆ, ನೀಳ ಕತ್ತು, ಆ ಕತ್ತು ಒಂದು ಕಡೆಗೆ ಸ್ವಲ್ಪ ವಾಲಿದೆ. ಹಿಡಿದರೆ ತಾನಾಗಿ ಅಂಗೈಯಲ್ಲಿ ಕೂರುತ್ತದೆ.

ಶ್ರೀರಂಜಿನಿ ತನ್ನ ಚಿತ್ರಗಳನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡಳು.

ಆ ಆಕಾರವನ್ನು ಗಾಜಿನಲ್ಲಿ ತರಲು ಮಾಸ್ತಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಟ್ಟೆ ಊದುವಾಗ ಒಂದು ಪಕ್ಕ ತೆಳ್ಳಗಾಗಿ ಒಡೆಯುತ್ತಿತ್ತು. ಕತ್ತು ಬಗ್ಗಿಸುವಾಗ ಮಡಿಕೆ ಬೀಳುತ್ತಿತ್ತು. ಕಡೆಗೊಂದು ನಿಂತಿತು. ಕತ್ತಿನ ತುದಿ ಕೊಯ್ದು, ಅಂಚನ್ನು ಬೆಂಕಿಗೆ ಹಿಡಿದು, ಗುರುಗಳು ಹೇಳಿದಂತೆ ಗುಂಡಗೆ ಮಾಡಿ, ಬಿರುಕು ಬಿಡದಿರಲೆಂದು ಮೂಲೆಯ ಸಣ್ಣ ಕುಲುಮೆಯಲ್ಲಿಟ್ಟು ನಿಧಾನವಾಗಿ ಆರಿಸಿದಳು. ಶೆಡ್ಡಿನ ಅಂಗಳದಲ್ಲಿ ನೀರು ತುಂಬಿ ಇಬ್ಬರೂ ಸುರಿದು ನೋಡಿದರು. ನೀರು ಜರಿಯ ಎಳೆಯಂತೆ ಇಳಿಯಿತು, ಒಂದು ತೊಟ್ಟೂ ಆಚೀಚೆ ಹೋಗಲಿಲ್ಲ. ಶ್ರೀರಂಜಿನಿ ಅವಳನ್ನು ತಬ್ಬಿಕೊಂಡುಬಿಟ್ಟಳು. ಮೊದಲ ಕಂತಿನ ಹೂಜಿಗಳು ಹುಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹೊರಟವು. ಅವತ್ತು ಮಾಸ್ತಮ್ಮ ಓಣಿಗೆಲ್ಲ ಕಜ್ಜಾಯ ಹಂಚಿದಳು.

ಕಜ್ಜಾಯ ಹಂಚಿದ್ದೇ ಆತುರವಾಯಿತು. ಮಳೆಗಾಲ ಮುಗಿಯುತ್ತ ಬಂದಾಗ ಶ್ರೀರಂಜಿನಿ ಮತ್ತೆ ಬಂದಳು. ಮುಖ ಸಪ್ಪಗಿತ್ತು. ಸ್ಕೂಟರಿನಿಂದ ಒಂದು ಪೆಟ್ಟಿಗೆ ಇಳಿಸಿ, ಮೊದಲು ಅದರೊಳಗಿನ ಬಿಳಿ ಮೇಜುಬಟ್ಟೆಯನ್ನು ಬಿಡಿಸಿ ಹಿಡಿದಳು. ಬಟ್ಟೆಯ ತುಂಬ ಕೆಂಪು ಕಲೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ಎಲ್ಲಾ ಹೂಜಿಯೂ ಸೋರ್ತಾವಂತೆ ಮಾಸ್ತಮ್ಮ. ಸುರಿದು ನಿಲ್ಲಿಸಿದ ಕೂಡ್ಲೆ ಹನಿ ಕತ್ತಿನ ಮೇಲೆ ಇಳಿದು ಬಟ್ಟೆಗೆ ಬೀಳ್ತದಂತೆ."

ಮಾಸ್ತಮ್ಮನಿಗೆ ಕೆಂಡದಂಥ ಕೋಪ ಬಂತು. ಪೆಟ್ಟಿಗೆಯಿಂದ ಹೂಜಿ ತೆಗೆದು, ನೀರು ತುಂಬಿ, ತೋಳೆತ್ತಿ ಸುರಿದಳು. ಮಣಿಕಟ್ಟಿನ ಒಂದು ಕೊಂಕಿನಲ್ಲಿ ಧಾರೆ ಕಡಿದಳು. ಕತ್ತು ಒಣಗಿಯೇ ಇತ್ತು. "ಎಲ್ಲಿ ಹನಿ? ತೋರ್ಸಿ! ಅವ್ರಿಗೆ ಸುರಿಯೋಕೆ ಬರದಿದ್ರೆ ನಾ ಎಂತ ಮಾಡ್ಲಿ?"

ಬಾಗಿಲಲ್ಲಿ ನಿಂತಿದ್ದ ಸಣ್ಣಪ್ಪ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಮೆಲ್ಲಗೆ ಅಂದ. ಅವಳು ತಿರುಗಿ ನೋಡಿದ್ದಕ್ಕೆ ಆಟೋ ಕಡೆ ನಡೆದ.

ಶ್ರೀರಂಜಿನಿ ಲೋಟವನ್ನು ಮೇಜಿನ ಮೇಲಿಟ್ಟಳು. ಹೂಜಿಯ ಬಾಯಿಯನ್ನು ಲೋಟದ ಹತ್ತಿರಕ್ಕೆ ತಂದು, ಕೂಸಿಗೆ ಔಷಧ ಹಾಕುವವರಂತೆ ನಿಧಾನ ಬಗ್ಗಿಸಿ, ನಿಧಾನ ಎತ್ತಿದಳು. ಗುಂಡಗಿನ ಅಂಚನ್ನು ಬಳಸಿಕೊಂಡು ಒಂದು ಹನಿ ಹೊರಕ್ಕೆ ಬಂತು, ಕತ್ತಿನುದ್ದಕ್ಕೆ ಜಾರಿತು, ಹೊಟ್ಟೆಯ ಮೇಲೆ ಹರಿದು ಮೇಜಿಗೆ ಬಿತ್ತು.

"ಹಿಂಗೆ ಯಾರು ಸುರೀತಾರ್ರೀ?" ಎಂದಳು ಮಾಸ್ತಮ್ಮ.

"ಲೋಟ ತುಟಿಗೆ ಕಚ್ಚಿ ಕುಡಿಯೋರು ಎಲ್ಲಾರೂ ಹಿಂಗೇ ಸುರಿಯೋದು. ನಾವು ಎತ್ತಿ ಕುಡಿಯೋರು. ಅದಕ್ಕೇ ನಮ್ಮಿಬ್ರಿಗೂ ಹೊಳೀಲಿಲ್ಲ."

ನಿಜವೇ. ಈ ಕಡೆಯ ಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುವ ಎರಡನೇ ವಿದ್ಯೆ ಚೊಂಬನ್ನು ಎತ್ತಿ, ತುಟಿಗೆ ತಾಗಿಸದೆ ಕುಡಿಯುವುದು. ತಾಗಿದರೆ ಎಂಜಲು, ಬೆನ್ನಿಗೊಂದು ಗುದ್ದು. ಉಳವಿಯ ದೊಡ್ಡ ಮನೆಯಲ್ಲೂ ಅದೇ, ಜಡೆಯ ಸಣ್ಣ ಮನೆಯಲ್ಲೂ ಅದೇ. ಎತ್ತರದಿಂದ ರಭಸವಾಗಿ ಸುರಿದು, ಚಕ್ಕನೆ ಕಡಿಯುವ ಕೈ ಇಬ್ಬರದೂ. ಆ ಕೈಯಲ್ಲಿ ಪರೀಕ್ಷೆ ಮಾಡಿದ್ದರಿಂದ ಹೂಜಿ ಪಾಸಾಗಿತ್ತು. ಪ್ರಪಂಚದಲ್ಲಿ ವೈನನ್ನು ಎತ್ತಿ ಕುಡಿಯುವವರು ಯಾರಿದ್ದಾರೆ?

ಶ್ರೀರಂಜಿನಿ ನೆಲ ನೋಡುತ್ತ ಉಳಿದದ್ದನ್ನೂ ಹೇಳಿದಳು. ಅತಿಥಿಗೃಹದವರಿಗೆ ಆಕಾರ ತುಂಬ ಇಷ್ಟವಾಗಿತ್ತು. ಹೊಟ್ಟೆ, ಕತ್ತು ಮಾಸ್ತಮ್ಮ ಮಾಡಲಿ, ಬಾಯಿಯನ್ನು ಬೇರೆ ಕಡೆ ಯಂತ್ರದಲ್ಲಿ ಮಾಡಿಸಿ ಕೂಡಿಸೋಣ ಎಂದಿದ್ದರು.

ಮಾಸ್ತಮ್ಮ ದೀಪ ಆರಿಸಿದಳು. ಶೆಡ್ಡಿನಲ್ಲಿ ಸದ್ದಡಗಿತು. "ನಾ ಮಾಡಿದ ಪಾತ್ರೆಗೆ ಬೇರೆಯವ್ರು ಬಾಯಿ ಹಚ್ಚೋದಾದ್ರೆ ನಾ ಮಾಡೋದೇ ಇಲ್ಲ. ತಲೆ ಒಬ್ರದ್ದು, ಮೈ ಒಬ್ರದ್ದು ಎಂತ ಕೆಲ್ಸ ಅದು? ಭೂಮಿ ಹುಣ್ಣಿಮೆ ಕಳೆದ ಮೇಲೆ ಬನ್ನಿ. ಅಷ್ಟರೊಳಗೆ ನನ್ನ ಕೈಯಲ್ಲೇ ಆಗದಿದ್ರೆ ಬುರುಡೆ ಅಟ್ಟಕ್ಕೆ ಹೋಗ್ತದೆ, ದೀಪ ಗೋಣಿಗೆ ಹೋಗ್ತದೆ."

ಹಟದಲ್ಲಿ ಆಡಿದ ಮಾತು ಹೌದು. ಆದರೆ ಆಡಿದ್ದನ್ನು ನುಂಗುವ ಜಾಯಮಾನ ಅವಳದಲ್ಲ. ದೀಪ ಗೋಣಿ ಸೇರಿದರೆ ತನ್ನ ಕೈ ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು.

ಅಲ್ಲಿಂದ ಶುರುವಾಯಿತು ಬಾಯಿಯ ಜೊತೆಗಿನ ಕುಸ್ತಿ. ಒಣಗಿಸಿಟ್ಟ ಮುರುಗಲು ಸಿಪ್ಪೆ ನೆನೆಸಿ ಕೆಂಪು ನೀರು ಮಾಡಿಕೊಂಡಳು. ಬಿಳಿ ಬಟ್ಟೆ ಬೇಕಿತ್ತು, ಸಣ್ಣಪ್ಪನ ಪಂಚೆ ಇದ್ದವು. ಬಾಯಿಯನ್ನು ಅಗಲ ಮಾಡಿದಳು, ಸೋರಿತು. ಕಿರಿದು ಮಾಡಿದಳು, ಗುಳುಗುಳು ಎಂದು ಉಗುಳುತ್ತ ಸೋರಿತು. ಗಿಂಡಿಯ ಮೂತಿಯಂತೆ ಎಳೆದಳು, ಚೆಂದವೇನೋ ಕಂಡಿತು, ಸೋರಿತು. ಸುರಿಯುವ ಕೈಯನ್ನೂ ಮೊದಲು ಪಳಗಿಸಬೇಕಿತ್ತು. ಮರೆತರೆ ತೋಳು ತಾನಾಗಿ ಮೇಲೇಳುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಸುರಿಯುತ್ತಿದ್ದಳು. ಸಣ್ಣಪ್ಪನ ಪಂಚೆಗಳೆಲ್ಲ ಕೆಂಪು ಚುಕ್ಕೆಯಾದವು. ಮದುವೆ ಮನೆಗೆ ಪ್ಯಾಂಟು ಹಾಕಿಕೊಂಡು ಹೋದ ಅವನನ್ನು ಕಂಡು, "ಪಂಚೆ ನಿಲ್ಲಲ್ವೇನೋ, ಅಷ್ಟು ಏರಿಸಿದೀಯಾ?" ಎಂದು ಊರು ನಕ್ಕಿತು. ಮನೆಗೆ ಬಂದು ಅವನು ಕೊನೆಯ ಪಂಚೆಯನ್ನೂ ತಂದು ಮೇಜಿನ ಮೇಲೆ ಹಾಸಿದ. "ಹೆಂಗೂ ಹೆಸರು ಕೆಟ್ಟಾತು. ಬಿಡ್ಬೇಡ, ಮಾಡು" ಎಂದ.

ಒಂದು ಬೆಳಿಗ್ಗೆ ಅವಳು ಹೂಜಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಶಿಕಾರಿಪುರದ ಬಸ್ ಹತ್ತಿದಳು. ಪಂಚಾಕ್ಷರಪ್ಪನವರಿಗೆ ಲಕ್ವ ಹೊಡೆದು ಬಲಗೈ ಸೋತಿದೆ ಎಂದು ಕೇಳಿದ್ದಳು, ನೋಡಿರಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಅವರು ಅವಳನ್ನು ಕಂಡು ಅರಳಿದರು. "ಬಾರವ್ವಾ, ಬಿಸಿಲಾಗ ಬಂದೀ. ತಡಿ, ನೀರು ನಾನ ಕೊಡ್ತೀನಿ" ಎಂದು ಸ್ಟೀಲಿನ ಜಗ್ಗಿಗೆ ಹಳೇ ರೂಢಿಯಂತೆ ಬಲಗೈಯನ್ನೇ ಹಾಕಿದರು. ತೋಳು ಮೇಲೇಳಲಿಲ್ಲ. ಜಗ್ಗನ್ನು ಲೋಟದ ಪಕ್ಕಕ್ಕೆ ಎಳೆದು, ನಡುಗುತ್ತ, ಮೆಲ್ಲಗೆ ಬಗ್ಗಿಸಿದರು. ಅರ್ಧ ನೀರು ಲೋಟಕ್ಕೆ ಹೋಯಿತು, ಅರ್ಧ ಜಗ್ಗಿನ ಮೈಮೇಲೆ ಹರಿದು ಅವರ ತೊಡೆಗೆ ಬಿತ್ತು. ಸೊಸೆ ಗಂಗಾಶ್ರೀ ಕೇಳದೆಯೇ ಟವೆಲ್ ತಂದು ಒರೆಸಿದಳು. ಅವಳು ಒರೆಸುವಷ್ಟು ಹೊತ್ತೂ ಅವರು ಗೋಡೆ ನೋಡುತ್ತಿದ್ದರು.

ಕುಲುಮೆಯ ಪಕ್ಕ ನಿಂತು, ತೋಳುದ್ದ ಮೇಲಿಂದ ಚೊಂಬಿನ ನೀರನ್ನು ಗಟಗಟ ಎತ್ತಿ ಕುಡಿಯುತ್ತಿದ್ದ ಮನುಷ್ಯ. ಮಾಸ್ತಮ್ಮ ಲೋಟದ ನೀರನ್ನು ಒಂದೇ ಗುಟುಕಿಗೆ ಎತ್ತಿ ಕುಡಿದು, ಹಾಗೆ ಎತ್ತಿದ್ದಕ್ಕೆ ನಾಚಿಕೊಂಡಳು.

ಹೂಜಿಯ ಕಷ್ಟ ಹೇಳಿದಳು. ಅವರು ಎಡಗೈ ಬೆರಳಿನಿಂದ ಅಂಚು ಸವರಿ ಬಹಳ ಹೊತ್ತು ಯೋಚಿಸಿದರು. "ಇನ್ನೂ ಗುಂಡಗೆ ಮಾಡು" ಎಂದರು. "ಅಂಚು ಎಲ್ಲೋ ಒರಟು ಉಳಿದೈತಿ, ಅಲ್ಲೇ ಹನಿ ಸಿಕ್ಕೊಳ್ತೈತಿ."

ಗುರುವಿನ ಮಾತು. ಅವಳು ಮರಳಿ ಬಂದು ಅಂಚನ್ನು ಇನ್ನೂ ಕರಗಿಸಿ ಮಣಿಯಂತೆ ನುಣುಪು ಮಾಡಿದಳು. ಮೊದಲಿಗಿಂತ ಹೆಚ್ಚು ಸೋರಿತು. ಅವತ್ತು ಅವಳು ಆ ಹೂಜಿಯನ್ನು ಗೋಡೆಗೆ ಬೀಸಿ ಒಡೆದಳು. ಆಮೇಲೆ ತಾನೇ ಪೊರಕೆ ಹಿಡಿದು ಗುಡಿಸಿದಳು.

ಹುಣ್ಣಿಮೆ ಹತ್ತಿರ ಬಂತು. ಹಬ್ಬದ ಅಡಿಗೆಗೆ ಎಣ್ಣೆ ತರಲು ಲೋಕಮ್ಮನ ಅಂಗಡಿಗೆ ಹೋದಳು. ಲೋಕಮ್ಮ ಗಾಣದ ಎಣ್ಣೆ ಮಾರುವ ಮುದುಕಿ. ತಗಡು ಕತ್ತರಿಸಿ ಮಾಡಿದ ಹಳೆಯ ಅಳತೆ ಪಾವಿನಲ್ಲಿ ಎಣ್ಣೆ ಮೊಗೆದು, ಬಾಟಲಿಯ ಬಾಯಿಗೆ ಹತ್ತಿರ ಹಿಡಿದು, ಕೂತಲ್ಲೇ ನಿಧಾನ ಸುರಿದಳು. ನಿಲ್ಲಿಸಿದಳು. ಮಾಸ್ತಮ್ಮ ಬಗ್ಗಿ ನೋಡಿದಳು. ಪಾವಿನ ಹೊರಮೈಯಲ್ಲಿ ಎಣ್ಣೆಯ ಗೆರೆ ಇರಲಿಲ್ಲ.

"ಲೋಕಮ್ಮ, ಇನ್ನೊಂದ್ಸಲ ಸುರಿ."

"ಎಣ್ಣೆ ಎಷ್ಟು ಬೇಕೇ ನಿಂಗೆ?"

"ಎಣ್ಣೆ ಹಾಳಾಗ್ಲಿ, ಸುರಿ ಮಾರಾಯ್ತಿ!"

ಲೋಕಮ್ಮ ಸುರಿದಳು. ಆಗಲೂ ಗೆರೆಯಿಲ್ಲ. ಮಾಸ್ತಮ್ಮ ಪಾವನ್ನು ಕಸಿದುಕೊಂಡು ಅಂಚಿನ ಮೇಲೆ ಹೆಬ್ಬೆರಳು ಎಳೆದಳು. ಬೆರಳು ಸೀಳಿ ರಕ್ತ ಬಂತು. "ಅಯ್ಯೋ ಮಂಗ, ಕತ್ತರಿಸಿದ ತಗಡು ಅದು, ಯಾರಾದ್ರೂ ಮುಟ್ತಾರೇನೆ!" ಎಂದು ಲೋಕಮ್ಮ ಬೈಯುತ್ತಿದ್ದರೆ ಮಾಸ್ತಮ್ಮ ಬೆರಳು ಬಾಯಲ್ಲಿಟ್ಟುಕೊಂಡು ನಗುತ್ತಿದ್ದಳು. ಗುಂಡಗಿನ ಅಂಚಾದರೆ ಹನಿ ಅದನ್ನು ಬಳಸಿಕೊಂಡು ಹೊರಗೆ ಇಳಿಯುತ್ತದೆ. ಚೂಪು ಅಂಚಿನಲ್ಲಿ ಬಳಸಲು ದಾರಿಯಿಲ್ಲ, ಅಲ್ಲೇ ಕಡಿದು ಹೋಗುತ್ತದೆ. ಇಷ್ಟು ದಿನ ಹನಿಗೆ ದಾರಿ ಮಾಡಿಕೊಟ್ಟದ್ದು ಅವಳ ಬೆಂಕಿಯೇ.

ನಗು ಮನೆ ಮುಟ್ಟುವಷ್ಟರಲ್ಲಿ ಇಳಿಯಿತು. ಅಂಚು ಬಿಡಬೇಡ ಎಂದವರು ಪಂಚಾಕ್ಷರಪ್ಪನವರು. ಆ ಮಾತನ್ನು ಅವಳು ಒಂದು ದಿನವೂ ಮೀರಿರಲಿಲ್ಲ. ಮೀರಿದರೆ ಯಾರದೋ ಕೈ ಕೊಯ್ಯುತ್ತದೆ, ಮೀರದಿದ್ದರೆ ಹೂಜಿ ಸೋರುತ್ತದೆ. ದೀಪದ ಮುಂದೆ ಬೆಂಕಿ ಹಚ್ಚದೆ ಕೂತು ಯೋಚಿಸಿದಳು. ಗುರುಗಳು ಅಂಚಿನ ಮೇಲಿನ ಸಿಟ್ಟಿಗೆ ಆ ಮಾತು ಹೇಳಿರಲಿಲ್ಲ, ಮಗುವಿನ ಕೈಗಾಗಿ ಹೇಳಿದ್ದರು. ಕೈ ಉಳಿದರೆ ಮಾತೂ ಉಳಿದಂತೆ ಎಂದು ಕಡೆಗೆ ತೀರ್ಮಾನಿಸಿದಳು.

ಬಾಯಿಯನ್ನು ಕಾಯಿಸಿ ಹೂವಿನ ಎಸಳಿನಂತೆ ಹೊರಕ್ಕೆ ಬಗ್ಗಿಸಿದಳು. ಆರಿದ ಮೇಲೆ ಅಂಚನ್ನು ಬೆಂಕಿಗೆ ಹಿಡಿಯಲಿಲ್ಲ. ಗಾಜಿನ ಹಲಗೆಯ ಮೇಲೆ ಸಾಣೆಪುಡಿ ಹಾಕಿ, ನೀರು ಚಿಮುಕಿಸಿ, ಹೂಜಿಯನ್ನು ಬೋರಲು ಹಿಡಿದು ಸುತ್ತ ಸುತ್ತ ಮಸೆದಳು. ಚೂರಿಯಂಥ ಸೀಳು ಹೋಗಿ, ಪೆಟ್ಟಿಗೆಯ ಮೂಲೆಯಂಥ ಗೆರೆಯೊಂದು ಉಳಿಯಬೇಕು. ಹೆಚ್ಚು ಮಸೆದರೆ ಗುಂಡಗಾಗುತ್ತದೆ, ಕಡಿಮೆಯಾದರೆ ಕೊಯ್ಯುತ್ತದೆ. ಬೆರಳಲ್ಲಿ ಗೆರೆ ಸಿಗಬೇಕು, ರಕ್ತ ಬರಬಾರದು. ಹೆಬ್ಬೆರಳಿನ ಹಳೆಯ ಗಾಯದ ಪಕ್ಕ ಹೊಸ ಗಾಯಗಳಾದವು. ಹುಣ್ಣಿಮೆಗೆ ತೋಟದವರು ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬಂದ ದಿನವೂ ಅವಳು ಮಸೆಯುತ್ತಲೇ ಇದ್ದಳು.

ಶ್ರೀರಂಜಿನಿ ಬಂದಾಗ ಮೇಜಿನ ಮೇಲೆ ಸಣ್ಣಪ್ಪನ ಹೊಸ ಪಂಚೆ ಹಾಸಿತ್ತು. ಇದಕ್ಕೆಂದೇ ಕೊಂಡು ತಂದಿದ್ದ. "ನೀವೇ ಸುರಿರಿ. ಎಷ್ಟು ಕೆಟ್ಟದಾಗಿ ಸುರಿಯೋಕೆ ಬರ್ತದೋ ಅಷ್ಟು ಕೆಟ್ಟದಾಗಿ ಸುರಿರಿ" ಎಂದಳು ಮಾಸ್ತಮ್ಮ. ಶ್ರೀರಂಜಿನಿ ಬಾಯಿಯನ್ನು ಲೋಟಕ್ಕೆ ತಾಗುವಷ್ಟು ಹತ್ತಿರ ತಂದು, ಬೇಕೆಂದೇ ಅಲ್ಲಾಡಿಸುತ್ತ, ನಿಲ್ಲಿಸುತ್ತ, ಮತ್ತೆ ಸುರಿಯುತ್ತ ಹೂಜಿ ಖಾಲಿ ಮಾಡಿದಳು. ಅಂಚಿನಲ್ಲಿ ಕೆಂಪು ಹನಿಯೊಂದು ತೂಗಿ, ಒಳಕ್ಕೇ ಮರಳಿತು. ಪಂಚೆ ಬಿಳಿಯಾಗಿಯೇ ಇತ್ತು.

ಸಣ್ಣಪ್ಪ ಪಂಚೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಶ್ರೀರಂಜಿನಿ ಕಣ್ಣೊರೆಸಿಕೊಂಡು, "ಇದನ್ನೇ ಇವತ್ತೇ ಕಳಿಸ್ತೇನೆ" ಎಂದು ಪೆಟ್ಟಿಗೆ ತೆರೆದಳು.

"ಅದು ಸಿಗಲ್ಲ" ಎಂದಳು ಮಾಸ್ತಮ್ಮ. "ನಾಳೆಯಿಂದ ಮಾಡೋವೆಲ್ಲ ನಿಮ್ಮವು. ಇದು ಶಿಕಾರಿಪುರಕ್ಕೆ ಹೋಗ್ತದೆ."

ಮರುದಿನ ಪಂಚಾಕ್ಷರಪ್ಪನವರ ಮುಂದೆ ಹೂಜಿ ಇಟ್ಟಳು. ಅದರ ಹೊಟ್ಟೆಯನ್ನು ಮೊದಲಿನವುಗಳಿಗಿಂತ ಚಿಕ್ಕದಾಗಿ, ಹಗುರವಾಗಿ ಊದಿದ್ದಳು. ನಡುಗುವ ಕೈಗೂ ದಕ್ಕಲಿ ಎಂದು. ಅವರ ಎಡಗೈ ಬೆರಳು ಕತ್ತನ್ನು ಸವರುತ್ತ ಮೇಲೆ ಹೋಗಿ ಅಂಚಿನಲ್ಲಿ ನಿಂತಿತು. ಮುಖ ಗಂಟಾಯಿತು.

"ಅಂಚು ಬಿಟ್ಟೀಯಲ್ಲವ್ವಾ."

"ಬಿಟ್ಟೀನಿ ಸಾರ್. ಬೆರಳು ನೋಡ್ಕಳಿ, ಕೊಯ್ದಿಲ್ಲ."

ಅವರು ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಅಂಚು ಸವರಿದರು, ಮತ್ತೆ ಬೆರಳು ನೋಡಿದರು. ಗಂಗಾಶ್ರೀ ಹೂಜಿಗೆ ನೀರು ತುಂಬಿ, ಅಭ್ಯಾಸಬಲದಿಂದ ಟವೆಲ್ ಹಿಡಿದು ಪಕ್ಕದಲ್ಲಿ ನಿಂತಳು. ಪಂಚಾಕ್ಷರಪ್ಪನವರು ಹೂಜಿಯನ್ನು ಲೋಟದ ಹತ್ತಿರಕ್ಕೆ ಎಳೆದುಕೊಂಡರು. ಕೈ ನಡುಗಿತು, ನೀರು ನಡುಗುತ್ತಲೇ ಇಳಿಯಿತು, ನಿಂತಿತು. ಅವರು ತಲೆ ಬಗ್ಗಿಸಿ ತೊಡೆಯ ಮೇಲೆ ಅಂಗೈಯಾಡಿಸಿದರು. ಪಂಚೆ ಒಣಗಿತ್ತು. ಲೋಟಕ್ಕೆ ತುಟಿಯಿಟ್ಟು, ಗೋಡೆ ನೋಡದೆ, ಮಾಸ್ತಮ್ಮನನ್ನೇ ನೋಡುತ್ತ ಪೂರ್ತಿ ಕುಡಿದರು.

"ಗಂಗಾ, ಆ ಟವೆಲ್ ಒಳಗಿಡವ್ವಾ" ಎಂದರು. "ಇನ್ನೊಂದು ಲೋಟ ತಾ."

ಎರಡನೆಯ ಲೋಟವನ್ನೂ ಅವರೇ ತುಂಬಿ ಮಾಸ್ತಮ್ಮನ ಕಡೆ ಸರಿಸಿದರು. ಅವಳು ತೆಗೆದುಕೊಂಡಳು. ತೋಳು ರೂಢಿಯಂತೆ ಮೇಲೇಳಲು ಹೊರಟಿತ್ತು, ಅವಳು ತಡೆದಳು. ಜೀವಮಾನದಲ್ಲಿ ಮೊದಲ ಸಲ ನೀರಿನ ಲೋಟಕ್ಕೆ ತುಟಿಯಿಟ್ಟು, ಅವರು ಕುಡಿದ ಹಾಗೆಯೇ ಕುಡಿದಳು.